ಮಾವನವರೊಂದಿಗೆ ಮಾತಾಡಿದ ಮಧ್ಯಾಹ್ನಗಳು

ನಾನು ಲಗ್ನವಾಗಿ ಜಮಖಂಡಿಯ ಮನೆ ಸೇರಿದಾಗ ಅತ್ತೆ ಮೊದಲು ಕಲಿಸಿದ್ದು ಅಡುಗೆಯನ್ನಲ್ಲ. ಮಾವನವರಿದ್ದಾಗ ಹೇಗಿರಬೇಕು ಎಂಬುದನ್ನು. ಅವರು ಪಡಸಾಲೆಯಲ್ಲಿ ಕುಳಿತಿದ್ದರೆ ನಾನು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಅವರು ಒಳಗೆ ಬಂದರೆ ಸೆರಗು ಹೊದ್ದು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಮಾತಿನ ಮಾತೇ ಇಲ್ಲ. ಅವರಿಗೇನು ಬೇಕೋ ಅದನ್ನು ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ನನ್ನ ಉತ್ತರವೂ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತಿತ್ತು. ಬೀಳಗಿಯ ನನ್ನ ತವರಿನಲ್ಲಿ ಅತ್ತಿಗೆಯೂ ನಮ್ಮ ತಂದೆಯ ಎದುರು ಹೀಗೆಯೇ ಇದ್ದಳು. ಅದನ್ನು ನೋಡಿಯೇ ಬೆಳೆದವಳಾದ್ದರಿಂದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಎರಡನೆಯ ವರ್ಷ ಅತ್ತೆ ತೀರಿಕೊಂಡರು. ನಡುವೆ ನಿಂತು ಮಾತು ದಾಟಿಸುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. "ಚಹಾ ಬೇಕಂತ", "ನಾಳೆ ಏಕಾದಶಿ ಅಂತ" ಎಂದು ಅವರು ಒಳಗೂ ಹೊರಗೂ ಓಡಾಡುತ್ತಿದ್ದರು. ಅವರು ಸಂಸ್ಥಾನದ ಕಚೇರಿಯಲ್ಲಿ ಕಾರಕೂನರು. ಮಾವನವರು ಅದೇ ಕಚೇರಿಯಲ್ಲಿ ಹಳೆಯ ಕಾಗದಪತ್ರಗಳನ್ನು ಇಡುವ ದಫ್ತರಖಾನೆಗೆ ಮುಖ್ಯಸ್ಥರು. ಬೆಳಿಗ್ಗೆ ತಂದೆ ಮಗ ಇಬ್ಬರೂ ರುಮಾಲು ಸುತ್ತಿಕೊಂಡು ಹೊರಟರೆ ಸಂಜೆಯತನಕ ನಾನೊಬ್ಬಳೇ. ಆದರೂ ಆಗ ಒಂಟಿತನ ಎಂದು ಅನ್ನಿಸಿದ್ದಿಲ್ಲ. ಸಂಜೆಗೆ ಇಬ್ಬರೂ ಬರುತ್ತಾರೆಂದು ಗೊತ್ತಿತ್ತಲ್ಲ.

ಆಮೇಲೆ ಸಂಸ್ಥಾನ ಮುಂಬಯಿ ಸರಕಾರಕ್ಕೆ ಸೇರಿತು. ಓಣಿಯಲ್ಲಿ ಪೇಢೆ ಹಂಚಿದರು, ನಮ್ಮ ಮನೆಗೂ ಬಂತು. ಸಂತೋಷಪಡಬೇಕಾದ ಕಾಲ, ಪಟ್ಟೆವು ಕೂಡ. ಆದರೆ ಕಚೇರಿಯಲ್ಲಿ ಕೆಲಸಕ್ಕಿದ್ದವರ ಮನೆಗಳಲ್ಲಿ ಪೇಢೆಯ ಜೊತೆಗೆ ದಿಗಿಲೂ ಬಂತು. ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ, ಎಲ್ಲಿಗೆ ಹಾಕುತ್ತಾರೆ, ಒಬ್ಬರಿಗೂ ತಿಳಿಯದು. ಕೆಲವು ತಿಂಗಳಲ್ಲಿ ಮಾವನವರಿಗೆ ನಿವೃತ್ತಿಯ ಹುಕುಂ ಬಂತು. ನನ್ನ ಗಂಡನನ್ನು ಕೊಂಕಣದ ಕಡೆಯ ಒಂದು ತಾಲೂಕು ಕಚೇರಿಗೆ ಹಾಕಿದರು, ಅದೂ ಹಂಗಾಮಿಯಾಗಿ. ಅಲ್ಲಿ ಇನ್ನು ಮೂವರು ಕಾರಕೂನರ ಜೊತೆ ಒಂದು ಕೋಣೆಯಲ್ಲಿ ಇರಬೇಕು. ಹೆಂಡತಿಯನ್ನು ಕರೆದೊಯ್ಯುವ ಹಾಗಿರಲಿಲ್ಲ.

ಹೊರಡುವ ದಿನ ಅವರು ಟ್ರಂಕು ಬಾಗಿಲಲ್ಲಿಟ್ಟು ತಂದೆಯ ಕಾಲಿಗೆ ಬಿದ್ದು ಎದ್ದರು. "ಅಪ್ಪಾ, ನಿಮಗೇನರೆ ಬೇಕಾದ್ರ..." ಎಂದವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ಬೇಕಾದರೆ ಯಾರ ಮುಂದೆ ಹೇಳಬೇಕು? ಆ ಪ್ರಶ್ನೆ ಮೂವರಿಗೂ ಅದೇ ಗಳಿಗೆಯಲ್ಲಿ ಹೊಳೆದಿರಬೇಕು. ಮಾವನವರು ಕೆಮ್ಮಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಷ್ಟರಲ್ಲಿ ಟಾಂಗಾದವನು ಮೋಟಾರಿನ ಹೊತ್ತಾಯಿತೆಂದು ಕೂಗಿದ.

ಹೀಗೆ ಆ ಮನೆಯಲ್ಲಿ ಮಾತಾಡುವಂತಿಲ್ಲದ ಇಬ್ಬರು ಉಳಿದೆವು.

ಮೊದಲ ವಾರಗಳಲ್ಲಿ ನಾವೇ ಒಂದು ವ್ಯವಸ್ಥೆ ಮಾಡಿಕೊಂಡೆವು, ಒಬ್ಬರಿಗೊಬ್ಬರು ಹೇಳದೆಯೇ. ಅವರು ಸಂತೆಯಿಂದ ತಂದ ಕಾಯಿಪಲ್ಯೆಯನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟು ಹೋಗುವರು. ಚಹಾ ಬೇಕಾದರೆ ಖಾಲಿ ಬಟ್ಟಲನ್ನು ಅದೇ ಜಾಗದಲ್ಲಿ ಇಡುವರು. ಊಟಕ್ಕೆ ನಾನು ತಾಟಿನ ಮೇಲೆ ಸೌಟಿನಿಂದ ಸಣ್ಣಗೆ ಸಪ್ಪಳ ಮಾಡುವೆ. ಅವರು ಬಂದು ಉಂಡು ಕೈತೊಳೆದು ಹೋದ ಮೇಲೆ ನಾನು ಉಣ್ಣುವೆ. ಕೆಮ್ಮು ಒಂದು ಸಲವಾದರೆ ಬಚ್ಚಲಿಗೆ ನೀರು, ಎರಡು ಸಲವಾದರೆ ಅವರು ಹೊರಗೆ ಹೊರಟಿದ್ದಾರೆ ಎಂದರ್ಥ.

ಹೊರಗೆ ಎಂದರೆ ಮೋಟಾರ್ ಸ್ಟ್ಯಾಂಡು. ಕೆಲಸ ಹೋದ, ಹೋಗಬಹುದಾದ ಕಚೇರಿಯ ಮಂದಿಯೆಲ್ಲ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು. ಬಿಜಾಪುರದಿಂದ, ಬೆಳಗಾವಿಯಿಂದ ಬಂದವರು ಏನು ಹೇಳುತ್ತಾರೋ ಅದನ್ನು ಕೇಳಿಕೊಂಡು ಮಾವನವರು ಬಿಸಿಲೇರಿದ ಮೇಲೆ ಮನೆಗೆ ಬರುವರು. ಬಂದು ತೂಗುಮಂಚದ ಮೇಲೆ ಕುಳಿತು ತಮ್ಮಷ್ಟಕ್ಕೇ ಗೊಣಗುವರು. ನನಗೆ ಒಳಗೆ ಅರ್ಧ ಕೇಳುವುದು, ಅರ್ಧ ಕೇಳದು. "ಕೊಂಕಣದಾಗಿನ ಹಂಗಾಮಿ ಮಂದೀನ್ನೆಲ್ಲಾ..." ಎಂಬಷ್ಟು ಕೇಳಿ, ಉಳಿದದ್ದು ಸರಪಳಿಯ ಕಿರ್ ಸದ್ದಿನಲ್ಲಿ ಮುಳುಗಿಹೋಗುವುದು. ಕೇಳದ ಅರ್ಧವನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ನಾನು ತುಂಬಿಕೊಂಡದ್ದರಲ್ಲಿ ಒಳ್ಳೆಯದು ಒಂದೂ ಇರುತ್ತಿರಲಿಲ್ಲ.

ಕಷ್ಟ ಶುರುವಾದದ್ದು ಮಧ್ಯಾಹ್ನಗಳಲ್ಲಿ. ಬೆಳಿಗ್ಗೆಯಾದರೆ ಕೆಲಸವಿರುತ್ತದೆ. ಎಮ್ಮೆ ಹಿಂಡಬೇಕು, ನೀರು ಸೇದಬೇಕು, ಭಕ್ರಿ ಬಡಿಯಬೇಕು. ಸಂಜೆಗೆ ದೀಪ, ಅಡುಗೆ. ನಡುವೆ ಆ ಮೂರು ನಾಲ್ಕು ತಾಸು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಓಣಿ ಪೂರಾ ಬಾಗಿಲು ಹಾಕಿಕೊಂಡು ಮಲಗಿರುವುದು. ಹಂಚಿನ ಮೇಲೆ ಬಿಸಿಲು ಕಾದು ಟಕ್ ಟಕ್ ಎನ್ನುವುದು. ನಾನು ಅಡುಗೆಮನೆಯ ಕಂಬಕ್ಕೆ ಒರಗಿ ಕುಳಿತಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗುತ್ತಿತ್ತು. ಅಂಗೈ ತಣ್ಣಗಾಗುವುದು. ಬಾಗಿಲಲ್ಲಿ ತಾರಿನವನು ತಂತಿ ಹಿಡಿದು ಬಂದು ನಿಂತಿದ್ದಾನೆ, ಕೊಂಕಣದಲ್ಲಿ ಏನೋ ಆಗಿದೆ ಎಂದು ಖಾತ್ರಿಯಾಗುವುದು. ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ನೋಡಿದರೆ ಯಾರೂ ಇಲ್ಲ. ಬಂದು ಕುಳಿತರೆ ಮತ್ತೆ ಅದೇ. ಸಾಯುತ್ತಿದ್ದೇನೆ ಎಂದೇ ಎಷ್ಟೋ ಸಲ ಅಂದುಕೊಂಡೆ. ಸತ್ತರೆ ಯಾರಿಗೆ ಮೊದಲು ತಿಳಿದೀತು? ಸಂಜೆ ಖಾಲಿ ಬಟ್ಟಲು ಹೊಸ್ತಿಲ ಮೇಲೆಯೇ ಉಳಿದಾಗ ಮಾವನವರಿಗೆ ತಿಳಿಯುತ್ತದೆ ಎಂದೂ ಲೆಕ್ಕ ಹಾಕಿದ್ದೆ.

ನಿದ್ದೆ ಕಡಿಮೆಯಾಯಿತು. ಬಾಯಿಗೆ ರುಚಿ ಹತ್ತದು. ಒಂದು ದಿನ ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದೆ. ಮಾವನವರು ತಾಟಿನಲ್ಲಿ ಬಡಿಸಿದ್ದೆಲ್ಲವನ್ನೂ ಉಂಡು ಎದ್ದುಹೋದರು. ಅವರು ಹೋದ ಮೇಲೆ ನಾನು ಒಂದು ತುತ್ತು ಬಾಯಿಗಿಟ್ಟೆ, ನುಂಗಲಾಗಲಿಲ್ಲ. ಅತ್ತೆ ಇದ್ದಿದ್ದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಗಂಡ ಇದ್ದಿದ್ದರೆ ಮುಖ ಹಿಂಡುತ್ತಿದ್ದರು. ಈಗ ಬೈಯುವವರೂ ಇಲ್ಲವಲ್ಲ ಎಂದು ತಾಟಿನ ಮುಂದೆ ಕುಳಿತು ಅತ್ತುಬಿಟ್ಟೆ.

ನನ್ನ ಕಷ್ಟದಲ್ಲಿ ಮುಳುಗಿದ್ದ ನನಗೆ ಮಾವನವರ ಕಡೆ ಲಕ್ಷ್ಯವೇ ಹೋಗಿರಲಿಲ್ಲ. ಅವರು ದಿನವೂ ಬೆಳಿಗ್ಗೆ ಕಚೇರಿಗೆ ಹೊರಡುವವರಂತೆ ಕೋಟು ತೊಟ್ಟು ರುಮಾಲು ಸುತ್ತಿಕೊಳ್ಳುತ್ತಿದ್ದರು. ಸ್ಟ್ಯಾಂಡಿನಿಂದ ಬಂದ ಮೇಲೂ ಅದನ್ನು ತೆಗೆಯದೆ ಸಂಜೆಯತನಕ ತೂಗುಮಂಚದ ಮೇಲೆ ಕುಳಿತಿರುತ್ತಿದ್ದರು. ಆ ಸರಪಳಿಯ ಸದ್ದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಒಂದು ಮಧ್ಯಾಹ್ನ ಅದು ನಿಂತಾಗ ಹೆದರಿಬಿಟ್ಟೆ. ಹೊಸ್ತಿಲತನಕ ಹೋಗಿ ಬಾಗಿಲ ಮರೆಯಿಂದ ನೋಡಿದೆ. ಅವರು ರುಮಾಲನ್ನು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು ಅದರ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೆಗಲು ಅಲುಗುತ್ತಿತ್ತು, ಧ್ವನಿ ಇರಲಿಲ್ಲ. ದಫ್ತರಖಾನೆಯಲ್ಲಿ ಹತ್ತು ಮಂದಿಯ ಮೇಲೆ ಅಧಿಕಾರ ನಡೆಸಿದ ಮನುಷ್ಯ.

ಏನು ಮಾಡಬೇಕೆಂದು ತೋಚಲಿಲ್ಲ. ಮುಂದೆ ಹೋಗುವಂತಿಲ್ಲ, ಕೇಳುವಂತಿಲ್ಲ. ಹಿತ್ತಿಲಿಗೆ ಹೋಗಿ ಎಮ್ಮೆಯ ಮುಂದೆ ನಿಂತೆ. ನನಗೆ ಗೊತ್ತಿಲ್ಲದೆಯೇ ಮಾತು ಬಾಯಿಂದ ಹೊರಬಿತ್ತು.

"ಎಮ್ಮೀ, ಮಾವನೋರಿಗೆ ಆರಾಮಿಲ್ಲ. ನನಗೂ ಆರಾಮಿಲ್ಲ. ಯಾರ ಮುಂದ ಹೇಳ್ಲಿ? ಚಹಾ ಮಾಡ್ಲ್ಯಾ ಅಂತ ಹ್ಯಾಂಗ ಕೇಳ್ಲಿ?"

ಬಹಳ ದಿನ ಬಾಯಿ ಬಿಡದವಳ ಧ್ವನಿ ಎಷ್ಟು ದೊಡ್ಡದಾಗಿತ್ತೋ ಏನೋ. ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಕೆಮ್ಮು ಕೇಳಿತು. ಆಮೇಲೆ ಹಿತ್ತಿಲ ಬಾಗಿಲಿನ ಆ ಬದಿಯಿಂದ ಮಾವನವರ ಧ್ವನಿ.

"ಏ ಎಮ್ಮೀ, ನಿಮ್ಮ ಮನಿ ಬಾಯಾರಿಗೆ ಹೇಳು, ಚಹಾ ಆದ್ರ ಛಲೋ ಆಗ್ತದ. ಮತ್ತ ಇನ್ನೊಂದು ಹೇಳು. ಮೊನ್ನಿ ಬದನಿಕಾಯಿ ಪಲ್ಯಾದಾಗ ಉಪ್ಪು ಎರಡು ಸಲ ಬಿದ್ದಿತ್ತು. ನಾ ತಿಂದೆ, ಖರೆ. ಆದ್ರ ದಿನಾ ತಿನ್ನೂದು ಆಗೂದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಗುತ್ತಲೇ ಅಳುವೂ ಬಂತು. ಅವರಿಗೆ ಕೇಳಿಸಿರಬೇಕು, ಹೆಜ್ಜೆಯ ಸಪ್ಪಳ ನಿಧಾನವಾಗಿ ಪಡಸಾಲೆಗೆ ಹಿಂತಿರುಗಿತು.

ಆ ಮೇಲೆ ನಮ್ಮಿಬ್ಬರ ನಡುವೆ ಎಮ್ಮೆ ಮಾತು ದಾಟಿಸತೊಡಗಿತು. "ಎಮ್ಮೀ, ಇವತ್ತ ಮೆಂತ್ಯಪಲ್ಯ ಸಿಕ್ಕಿಲ್ಲ ಅಂತ ಹೇಳು." "ಎಮ್ಮೀ, ಕೊಂಕಣದಿಂದ ಕಾಗದ ಬಂದದ, ಎಲ್ಲಾ ಆರಾಮಂತ." ಅದು ಬಾಯಾಡಿಸುತ್ತ ನಿಂತಿರುತ್ತಿತ್ತು. ಆದರೆ ಎಮ್ಮೆಯ ಮುಂದೆ ಎಷ್ಟು ಮಾತಾಡಿಯೇವು? ಪಲ್ಯ, ಚಹಾ, ಕಾಗದ, ಅಲ್ಲಿಗೆ ಮುಗಿಯಿತು. ಎದೆಯೊಳಗಿನದು ಎದೆಯೊಳಗೇ ಇತ್ತು. ಮಧ್ಯಾಹ್ನಗಳು ಹಾಗೆಯೇ ಬರುತ್ತಿದ್ದವು.

ಒಂದು ದಿನ ಬಾವಿಕಟ್ಟೆಯ ಮೇಲೆ, ಹಾಡುಹಗಲಲ್ಲಿ, ಕೊಡ ಕೈಬಿಟ್ಟು ಕುಸಿದೆ. ಉಸಿರು ಸಿಗಲೊಲ್ಲದು. ಕಣ್ಣಿಗೆ ಕತ್ತಲು. ಪಕ್ಕದ ಮನೆಯ ಮುದುಕಿ, ಓಣಿಯವರೆಲ್ಲ ಕಾಕೂ ಎಂದು ಕರೆಯುತ್ತಿದ್ದವಳು, ಓಡಿ ಬಂದು ಮುಖಕ್ಕೆ ನೀರು ಹೊಡೆದಳು.

"ಗಾಳಿ ಬಡದದ ಈ ಹುಡಿಗಿಗೆ. ಗಂಡ ಇಲ್ಲದ ಮನಿ, ಮಧ್ಯಾಹ್ನ ಒಬ್ಬಾಕಿನ ಹಿತ್ತಲದಾಗ ಎಮ್ಮಿ ಜೋಡಿ ಮಾತಾಡ್ತಾಳ, ನಾನೇ ಕೇಳೇನಿ. ದಾರ ಕಟ್ಟಸ್ರಿ" ಎಂದು ಬಾಗಿಲಿಗೆ ಬಂದು ನಿಂತ ಮಾವನವರಿಗೆ ಹೇಳಿದಳು.

ಮಾವನವರು ಟಾಂಗಾ ತರಿಸಿದರು.

ದವಾಖಾನೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರಿದ್ದರು. ಏನಾಗಿದೆ ಎಂದು ಅವರು ಮಾವನವರನ್ನು ಕೇಳಿದಾಗ ಇವರು ತಲೆ ತಗ್ಗಿಸಿ, "ನಮ್ಮ ಸೊಸಿ. ಏನಾಗೇದ ಅಂತ ನನಗೂ ಗೊತ್ತಿಲ್ರಿ. ನಾವು ಮಾತಾಡೂದಿಲ್ಲ" ಎಂದರು. ಡಾಕ್ಟರು ಅವರನ್ನು ಹೊರಗೆ ಕೂರಲು ಹೇಳಿ, ಕಂಪೌಂಡರನ ಹೆಂಡತಿಯನ್ನು ಒಳಗೆ ಕರೆಸಿ ಕೂರಿಸಿದರು. ಎದೆಗೆ ನಳಿಗೆ ಇಟ್ಟು ನೋಡಿದರು. ಕಣ್ಣು, ನಾಲಿಗೆ ನೋಡಿದರು.

"ಯಾವಾಗ ಹೆಚ್ಚಾಗ್ತದ?"

"ಮಧ್ಯಾಹ್ನ್ರಿ."

"ಮಧ್ಯಾಹ್ನ ಏನು ಮಾಡ್ತಿ?"

"ಏನೂ ಇಲ್ರಿ. ಕೂತಿರ್ತೇನಿ."

"ಮನ್ಯಾಗ ಯಾರ ಜೋಡಿ ಮಾತಾಡ್ತಿ?"

ಸುಳ್ಳು ಹೇಳಬೇಕೆನಿಸಿತು. ಆದರೆ ದಣಿದಿದ್ದೆ. "ಎಮ್ಮಿ ಜೋಡಿ" ಎಂದೆ. ಕಂಪೌಂಡರನ ಹೆಂಡತಿ ಕಿಸಕ್ಕನೆ ನಕ್ಕಳು. ಡಾಕ್ಟರು ನಗಲಿಲ್ಲ.

"ನೋಡು ತಂಗಿ, ನಿನ್ನ ಎದಿ ಗಟ್ಟಿ ಅದ. ನೀ ಸಾಯೂದಿಲ್ಲ. ನಿನಗ ಹುಚ್ಚೂ ಹಿಡದಿಲ್ಲ, ಗಾಳೀನೂ ಬಡದಿಲ್ಲ. ಮನಸ್ಸು ದಣದದ. ಕಾಲು ದಣದ್ರ ನಾವು ಕೂಡ್ತೇವಿ, ಒತ್ತಿಸಿಕೊಳ್ತೇವಿ. ಮನಸ್ಸು ದಣದಾಗ ಮಾತ್ರ ಬಾಯಿ ಮುಚ್ಚಿಕೊಂಡು ಕೂಡ್ತೇವಿ."

ಆಮೇಲೆ ಮಾವನವರನ್ನು ಒಳಗೆ ಕರೆದರು. ಅವರ ಮುಖವನ್ನು ಬಹಳ ಹೊತ್ತು ನೋಡಿ, "ನಿಮಗ ನಿದ್ದಿ ಬರ್ತದೇನ್ರಿ?" ಎಂದು ಕೇಳಿದರು. "ಇಲ್ರಿ. ದಿನಾ ಸ್ಟ್ಯಾಂಡಿಗೆ ಹೋಗಿ ಸುದ್ದಿ ಕೇಳಿ ಬರ್ತೇನಿ, ರಾತ್ರಿ ಅದ ತಲ್ಯಾಗ ತಿರಗ್ತದ" ಎಂದರು ಮಾವನವರು.

"ಹಂಗಾದ್ರ ಔಷಧ ಇಬ್ಬರಿಗೂ ಒಂದ. ಕೂಡಿ ಒಂದ ಹೊತ್ತಿಗೆ ಉಣ್ರಿ. ಮಧ್ಯಾಹ್ನ ಈಕೀನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಮತ್ತ ನೀವು ದಿನಾ ಸ್ಟ್ಯಾಂಡಿಗೆ ಹೋಗಿ ಗಾಳಿಸುದ್ದಿ ಹೊತ್ಕೊಂಡು ಬರೂದು ಬಿಡ್ರಿ. ಎಂಟು ದಿನಕ್ಕೊಮ್ಮೆ ಹೋಗ್ರಿ. ನಡೂವ ಏನರೆ ಖರೇ ಸುದ್ದಿ ಇದ್ರ ಅದು ತಾನ ಮನೀ ಹುಡಿಕ್ಕೊಂಡು ಬರ್ತದ." ಕೆಂಪು ನೀರಿನ ಒಂದು ಬಾಟಲಿ ಕೊಟ್ಟು, ಅದು ಹಸಿವೆಗೆ ಮಾತ್ರ ಎಂದೂ ಹೇಳಿದರು.

ಟಾಂಗಾದಲ್ಲಿ ಹಿಂತಿರುಗುವಾಗ ಅವರು ಮುಂದೆ, ನಾನು ಹಿಂದೆ, ಬೆನ್ನಿಗೆ ಬೆನ್ನು ಮಾಡಿ ಕುಳಿತಿದ್ದೆವು. ಅರ್ಧ ದಾರಿ ಆಗಿತ್ತು. ಮಾವನವರು ರಸ್ತೆ ನೋಡುತ್ತಲೇ, "ತಂಗೀ, ಇಲ್ಲಿ ಎಮ್ಮಿ ಇಲ್ಲ" ಎಂದರು.

ಅದು ಅವರು ನನ್ನೊಡನೆ ಆಡಿದ ಮೊದಲ ಮಾತು. "ಹೌದ್ರಿ" ಎಂದೆ.

"ಮನಿಗೆ ಹೋದ ಮ್ಯಾಲ ಎಲ್ಲಾ ಹೇಳು. ನಾ ಕೇಳ್ತೇನಿ."

ಮನೆಗೆ ಹೋದ ಮೇಲೆ ಹೇಳಲಾಗಲಿಲ್ಲ. ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ. ಮರುದಿನ ಮಧ್ಯಾಹ್ನ ಅವರು ಪಡಸಾಲೆಯಿಂದ, "ಆ ಜ್ವಾಳದ ಮರ ತಗೊಂಡು ಇಲ್ಲೇ ಬಾ. ಆರಸೂದು ಇಲ್ಲೂ ಆಗ್ತದ" ಎಂದು ಕರೆದರು. ನಾನು ಮೊರ ಹಿಡಿದು ಹೊಸ್ತಿಲ ಮೇಲೆ ನಿಂತೆ. ದಾಟಲು ಬಹಳ ಹೊತ್ತು ಬೇಕಾಯಿತು. ಕಡೆಗೆ ಕಂಬದ ಬುಡದಲ್ಲಿ ಕುಳಿತು ಜೋಳದಲ್ಲಿನ ಕಲ್ಲು ಆರಿಸತೊಡಗಿದೆ. ಅವರೂ ಕೋಟು ತೆಗೆದಿಟ್ಟು ಕೆಳಗೆ ಚಾಪೆಯ ಮೇಲೆ ಕುಳಿತು ಒಂದು ಹಿಡಿ ತೆಗೆದುಕೊಂಡರು. ಕಲ್ಲಿನ ಜೊತೆ ಒಳ್ಳೆಯ ಕಾಳನ್ನೂ ಎಸೆಯುತ್ತಿದ್ದರು. ನಾನು ಅದನ್ನು ಮತ್ತೆ ಹೆಕ್ಕಿಕೊಳ್ಳುತ್ತಿದ್ದೆ.

ಮೊದಲು ಅವರೇ ಹೇಳಿದರು. ಬೆಳಿಗ್ಗೆ ಎಚ್ಚರವಾದ ಕೂಡಲೇ ಕಚೇರಿಯ ಬೀಗದ ಕೈ ದಿಂಬಿನ ಕೆಳಗೆ ಹುಡುಕುತ್ತಾರಂತೆ. ಇಲ್ಲ ಎಂಬುದು ನೆನಪಾದರೂ ಎದ್ದು ಕೋಟು ತೊಡುತ್ತಾರಂತೆ. "ಅವರು ನನ್ನ ಕೆಲಸ ತಗೊಂಡ್ರು, ಹೋಗಲಿ. ಅಕಿ ಇದ್ದಿದ್ರ ಅಕಿ ಜೋಡಿ ಜಗಳಾ ಮಾಡ್ಕೋತ ಕೂಡ್ತಿದ್ದೆ" ಎಂದರು. ಅಕಿ ಎಂದರೆ ಅತ್ತೆ. ಆಮೇಲೆ ನಾನು ಹೇಳಿದೆ, ಕಾಳು ನೋಡುತ್ತಲೇ. ತಾರಿನವನು, ತಣ್ಣಗಾಗುವ ಕೈ, ಸಾಯುವ ಹೆದರಿಕೆ. ಅವರು ಬುದ್ಧಿ ಹೇಳಲಿಲ್ಲ. "ನನ್ನ ಗೊಣಗಾಟದ್ದರಿಂದನೂ ಹೆದರಿಕಿ ಆಗ್ತಿತ್ತೇನು?" ಎಂದು ಮಾತ್ರ ಕೇಳಿದರು. ಹೌದು ಎಂದೆ. ಅಂದಿನಿಂದ ಒಂದು ಕರಾರು ಮಾಡಿಕೊಂಡೆವು. ಹೊರಗಿನ ಸುದ್ದಿಯನ್ನು ಹೇಳಿದರೆ ಪೂರ್ತಿ ಹೇಳಬೇಕು, ಯಾರು ಹೇಳಿದ್ದೆಂದೂ ಹೇಳಬೇಕು. ಅದೂ ಊಟವಾದ ಮೇಲೆ.

ಎದೆ ಹೊಡೆದುಕೊಳ್ಳುವುದು ನಿಂತಿತೆಂದಲ್ಲ. ಆದರೆ ಅದು ಬಂದಾಗ "ಮಾವನೋರ, ಬರ್ಲಿಕತ್ತದ್ರಿ" ಎನ್ನುತ್ತಿದ್ದೆ. ಅವರು "ಬರಲಿ. ನಾ ಇಲ್ಲೇ ಇದ್ದೇನಿ, ಕಾಳು ಆರಸು" ಎನ್ನುತ್ತಿದ್ದರು. ಬಂದದ್ದು ಸ್ವಲ್ಪ ಹೊತ್ತಿಗೆ ಹೋಗುತ್ತಿತ್ತು.

ಕಾಕೂಗೆ ಇದು ಸರಿಬರಲಿಲ್ಲ. ಸೊಸೆ ಮಾವನ ಎದುರು ಪಡಸಾಲೆಯಲ್ಲಿ ಕುಳಿತು ಹರಟುತ್ತಾಳೆ ಎಂದು ಓಣಿಯಲ್ಲಿ ಸಾರಿದಳು. ಒಂದು ದಿನ ನಮ್ಮ ಬಾಗಿಲಿಗೇ ಬಂದು, "ಮಂದಿ ಏನಂತಾರ ವಿಚಾರ ಮಾಡೀರೇನು?" ಎಂದು ಕೇಳಿದಳು. ಮಾವನವರು ಸರಿದು ಚಾಪೆಯ ಮೇಲೆ ಜಾಗ ಮಾಡಿದರು. "ಖರೆ, ಮಾತಾಡ್ತೇವಿ. ನೀವೂ ಬರ್ರಿ, ಇನ್ನೂ ಒಂದು ಚೀಲ ಜ್ವಾಳ ಅದ." ಕಾಕೂ ಸಿಟ್ಟಿನಿಂದ ಹೋದಳು. ವಾರದ ಮೇಲೆ ತನ್ನದೊಂದು ಮೊರ ಹಿಡಿದು ಬಂದು ಕುಳಿತಳು. ಅವಳ ಮನೆಯಲ್ಲೂ ಮಧ್ಯಾಹ್ನ ಯಾರೂ ಇರುತ್ತಿರಲಿಲ್ಲ ಎಂಬುದು ನಮಗೆ ಆಗಲೇ ಗೊತ್ತಾದದ್ದು.

ಮಳೆಗಾಲ ಬಂತು. ಕೊಂಕಣದಲ್ಲಿ ಧೋ ಎಂದು ಸುರಿಯುತ್ತಿದೆ, ಘಾಟಿನ ದಾರಿ ಕುಸಿದಿದೆ ಎಂದು ಸುದ್ದಿ. ಕಾಗದ ಬರುವುದು ನಿಂತಿತು. ಕಡೆಯ ಕಾಗದದಲ್ಲಿ ಸಣ್ಣ ಜ್ವರ ಎಂದು ಬರೆದಿದ್ದರು. ನಾನು ಮತ್ತೆ ಮೊದಲಿನಂತಾದೆ. ಮೊದಲಿಗಿಂತ ಕಡೆಯಾದೆ ಎಂದರೂ ಸರಿ. ಗುಣವಾಯಿತು ಎಂದುಕೊಂಡದ್ದು ಮತ್ತೆ ಬಂದಾಗ, ಇನ್ನು ಇದು ಎಂದೂ ಬಿಡುವುದಿಲ್ಲ ಎಂಬ ಹೆದರಿಕೆಯೂ ಜೊತೆಗೆ ಬರುತ್ತದೆ. ಮೊರ ಮುಂದಿಟ್ಟರೂ ಕೈ ಏಳುತ್ತಿರಲಿಲ್ಲ. ಮಾವನವರ ಮುಖವೂ ಇಳಿದಿತ್ತು. ಒಂದು ಬೆಳಿಗ್ಗೆ ಅವರು, "ನಡಿ. ಮನ್ಯಾಗ ಹಿಂಗ ಕೂತ್ರ ಇಬ್ಬರೂ ಕೆಡ್ತೇವಿ. ರಬಕವಿಗೆ ಹೋಗಿ ಬರೂಣು" ಎಂದರು.

ರಬಕವಿಯಲ್ಲಿ ಅವರಿಗೆ ಬಹಳ ದಿನದ ಗುರುತಿನ ನೇಕಾರರ ಮನೆಯೊಂದಿತ್ತು. ಮೋಟಾರು ಇಳಿದು ಓಣಿ ಹೊಕ್ಕರೆ ಮನೆಮನೆಯಿಂದ ಮಗ್ಗದ ಲಟಕ್ ಪಟಕ್ ಸದ್ದು. ಆ ಮನೆಯಲ್ಲಿ ಮಾತ್ರ ಮಗ್ಗಗಳಲ್ಲಿ ಅರ್ಧ ಸುಮ್ಮನಿದ್ದವು. ನೂಲು ಸಿಗುತ್ತಿಲ್ಲವೆಂದು ಗಂಡಸರು ಕಟ್ಟೆಯ ಮೇಲೆ ಕುಳಿತಿದ್ದರು, ಮಾವನವರೂ ಅಲ್ಲಿ ಕುಳಿತರು. ನಾನು ಒಳಗೆ ಹೋದೆ. ಮಕ್ಕಳು, ಮೊಮ್ಮಕ್ಕಳು, ಮೈದುನರು, ನೆಗೆಣ್ಣಿಯರು, ಎಲ್ಲಿ ನೋಡಿದರೂ ಮಂದಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಾದ ಆ ಮನೆಯ ಸೊಸೆಯ ಪಕ್ಕದಲ್ಲಿ ಕುಳಿತು, "ನೀವು ಪುಣ್ಯಾ ಮಾಡೀರಿ. ಮನಿ ತುಂಬ ಮಂದಿ ಇದ್ದಾರ" ಎಂದೆ.

ಅವಳು ಕೈಯಲ್ಲಿದ್ದ ನೂಲು ಸುತ್ತುವ ಕಂಡಿಕೆ ಕೆಳಗಿಟ್ಟಳು. "ಮಂದಿ ಅದಾರ್ರಿ ಅಕ್ಕಾರ. ನೂಲ ಬರಲಿಲ್ಲಂದ್ರ ಇಷ್ಟ ಮಂದೀಗಿ ಏನ ಹಾಕೂದು ಅಂತ ನನಗ ಎದಿ ಹಾರತೈತಿ. ಯಾರ ಮುಂದ ಹೇಳೂದ್ರಿ? ಎಲ್ಲಾರೂ ಹೆದರ್ಯಾರ. ನಾ ಹೇಳಿದ್ರ ಅವರ ಮತ್ತಷ್ಟ ಹೆದರತಾರ. ಇಷ್ಟ ಮಂದ್ಯಾಗ ನಾನೂ ಒಬ್ಬಾಕೀನ."

"ನಿಮಗೂ ಅಂಗೈ ತಣ್ಣಗಾಗ್ತಾವೇನು?" ಎಂದು ಕೇಳಿದೆ.

"ಆಕ್ಕಾವು. ಉಸರ ಹಿಡದಂಗ ಆಕ್ಕೈತಿ."

ಇದು ನನಗೊಬ್ಬಳಿಗೇ ಬಂದ ಜಡ್ಡು ಎಂದು ಅಲ್ಲಿಯತನಕ ನಾನು ತಿಳಿದಿದ್ದೆ. ಅವಳು ನನ್ನ ಕೈ ಹಿಡಿದು ಸುಮ್ಮನಿದ್ದ ಒಂದು ಮಗ್ಗದ ಹತ್ತಿರ ಕರೆದೊಯ್ದಳು. ಅವರದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವಂಥದ್ದು. "ಎದಿ ಹಾರಾಕತ್ತಿತಂದ್ರ ನಾ ಇಲ್ಲಿ ಬಂದ ಕುಂದರತೇನ್ರಿ. ಅಂಗಾಲ ಮಣ್ಣಿಗಿ ಹತ್ತಿಸಿ ಕುಂದರ್ರಿ. ಮಣ್ಣ ತಣ್ಣಗೈತೇನ ನೋಡ್ರಿ, ಮತ್ತೇನೂ ವಿಚಾರ ಮಾಡಬ್ಯಾಡ್ರಿ."

ಅವಳ ಪಕ್ಕದಲ್ಲಿ ಕುಳಿತು ಕಾಲು ಇಳಿಬಿಟ್ಟೆ. ಮಳೆಗಾಲದ ಮಣ್ಣು ತಂಪಾಗಿತ್ತು, ಸ್ವಲ್ಪ ಒದ್ದೆಯೂ ಇತ್ತು. ಹೊರಗೆ ಯಾರದೋ ಮಗು ಅಳುತ್ತಿತ್ತು. ಬಹಳ ಹೊತ್ತು ಹಾಗೆಯೇ ಇದ್ದೆವು. ಅಷ್ಟರಿಂದ ಕಾಗದ ಬರಲಿಲ್ಲ, ಅವರ ಮನೆಗೆ ನೂಲೂ ಬರಲಿಲ್ಲ. ಆದರೆ ಅಂದು ಅವರ ಮನೆಯಲ್ಲಿ ಎರಡು ರೊಟ್ಟಿ ಉಂಡೆ. ಮೋಟಾರಿನಲ್ಲಿ ಹಿಂತಿರುಗುವಾಗ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದೆನಂತೆ. ಜಮಖಂಡಿ ಬಂದ ಮೇಲೆ ಮಾವನವರೇ ಎಬ್ಬಿಸಿದರು.

ಕಾಗದ ಆಮೇಲೆ ಬಂತು, ಒಂದಲ್ಲ, ಕಟ್ಟೇ ಬಂತು. ಜ್ವರ ಬಂದು ಹೋಗಿತ್ತು. ಮರುವರ್ಷ ನನ್ನ ಗಂಡನ ಕೆಲಸ ಕಾಯಂ ಆಯಿತು, ಮುಧೋಳಕ್ಕೆ ವರ್ಗವೂ ಆಯಿತು. ಜಮಖಂಡಿಯ ಮನೆಯನ್ನು ಬಾಡಿಗೆಗೆ ಕೊಟ್ಟು, ಎಮ್ಮೆಯನ್ನು ಕಾಕೂಗೆ ಒಪ್ಪಿಸಿ, ಮೂವರೂ ಮುಧೋಳಕ್ಕೆ ಹೋದೆವು.

ನಾನು ಎದುರು ನೋಡಿದ್ದ ದಿನ ಅದು. ಗಂಡ ಮನೆಯಲ್ಲಿದ್ದರು, ಸಂಜೆಗೆ ಬರುವವರಿದ್ದರು. ಆದರೆ ಮುಧೋಳದ ಮೊದಲ ಊಟದಲ್ಲಿಯೇ ಮಾವನವರು ತಾಟಿನಿಂದ ತಲೆಯೆತ್ತದೆ ಮಗನಿಗೆ, "ಸ್ವಲ್ಪ ಸಾರು ಹಾಕಂತ ಹೇಳು" ಎಂದರು. ನಾನು ಎರಡು ಮಾರು ದೂರದಲ್ಲಿ ಸೌಟು ಹಿಡಿದು ನಿಂತಿದ್ದೆ. ನನ್ನ ಗಂಡ ನನ್ನ ಕಡೆ ತಿರುಗಿ, "ಸಾರು ಹಾಕಂತ" ಎಂದರು. ಅವರಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನಾನು ಸಾರು ಹಾಕಿದೆ.

ಮಾವನವರನ್ನು ದೂರಲಾರೆ. ಮಗನ ಎದುರು ಅವರಿಗೆ ಹಳೆಯ ರೀತಿಯೇ ಸರಿಯೆನಿಸಿರಬೇಕು. ಅಲ್ಲಿ ಮನೆಯ ಮಾಲಕರ ಕಟ್ಟೆಯ ಮೇಲೆ ಅವರ ವಯಸ್ಸಿನವರು ನಾಲ್ಕು ಮಂದಿ ದಿನವೂ ಸೇರುತ್ತಿದ್ದರು. ಮಧ್ಯಾಹ್ನವೆಲ್ಲ ಅವರ ನಗು ನನಗೆ ಒಳಗೆ ಕೇಳುತ್ತಿತ್ತು. ಸಂತೋಷವೇ ಆಗುತ್ತಿತ್ತು. ಆದರೆ ನನ್ನ ಜೊತೆಗಾರರೊಬ್ಬರು ಊರು ಬಿಟ್ಟುಹೋದಂತೆ ಅನ್ನಿಸುತ್ತಿತ್ತು, ಅವರು ಗೋಡೆಯ ಆಚೆಗೇ ಇದ್ದರೂ. ಒಮ್ಮೆ ಯಾರೂ ಇಲ್ಲದಾಗ, "ಮಾವನೋರ, ಆರಾಮಿದ್ದೀರೇನ್ರಿ?" ಎಂದು ಕೇಳಿಬಿಟ್ಟೆ. ಅವರು ಮೊದಲು ಬಾಗಿಲ ಕಡೆ ನೋಡಿ, "ಆರಾಮಿದ್ದೇನಿ ತಂಗಿ. ನೀ?" ಎಂದರು. "ನಾನೂ" ಎಂದೆ. ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದಾಯಿತು.

ಗಂಡನಿಗೆ ಎಲ್ಲವನ್ನೂ ಹೇಳಲು ನೋಡಿದೆ. "ಒಬ್ಬಾಕಿನ ಇದ್ದಿ, ಅದಕ್ಕ ಹಂಗಾತು. ಈಗ ನಾ ಬಂದೇನಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ. ಅವರು ಬಂದದ್ದರಿಂದ ಅದು ಮುಗಿಯಿತೆಂದು ನಂಬಿದ್ದರು, ಅಷ್ಟೆ. ಕೊಂಕಣದ ಆ ಕೋಣೆಯಲ್ಲಿ ನಾಲ್ವರ ನಡುವೆ ತಾವು ಹೇಗಿದ್ದರೆಂದು ಅವರೂ ಎಂದೂ ಹೇಳಲಿಲ್ಲ. ನಾನು ಕೇಳಿದಾಗ ಮಳೆಯ ಮಾತು ತೆಗೆದರು.

ಮಾವನವರು ಮುಧೋಳದಲ್ಲಿಯೇ ತೀರಿಕೊಂಡರು, ಹೆಚ್ಚು ನರಳದೆ. ಕರ್ಮಾಂತರಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ ಅದು ಮತ್ತೆ ಬಂತು. ಗಂಡ ಕಚೇರಿಯಲ್ಲಿದ್ದರು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಬರಿಗಾಲನ್ನು ನೆಲಕ್ಕೆ ಒತ್ತಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಬಾಗಿಲು ಮುಂದೆ ಮಾಡಿ ಮಾಲಕರ ಮನೆಗೆ ಹೋದೆ. ಆ ಮನೆಯಾಕೆಯ ಪರಿಚಯ ನನಗೆ ನೀರು ಸೇದುವಾಗಿನಷ್ಟೇ. ಅವರು ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಶಾವಿಗೆ ಒಣಗಹಾಕುತ್ತಿದ್ದರು.

"ಏನವಾ, ಏನ ಬೇಕಾಗಿತ್ತು?" ಎಂದು ಕೇಳಿದರು.

ಹೆಪ್ಪು, ಸಕ್ಕರೆ, ಏನಾದರೊಂದು ನೆಪ ಹೇಳಬಹುದಿತ್ತು. "ಏನೂ ಬೇಕಾಗಿಲ್ರಿ" ಎಂದೆ. "ಮಧ್ಯಾಹ್ನ ಒಬ್ಬಾಕಿಗೆ ಮನ್ಯಾಗ ಕೂಡ್ಲಿಕ್ಕೆ ಆಗವಲ್ತು. ಎದಿ ಹಾರ್ತದ. ನಿಮ್ಮ ಹತ್ರ ಸ್ವಲ್ಪ ಹೊತ್ತು ಕೂಡ್ಲ್ಯಾ?"

ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಹೊರಸಿನ ಆ ಬದಿಗೆ ಗೋಣು ಹಾಕಿ ತೋರಿಸಿದರು.

"ಬಾ, ಕೂಡು. ಆ ಕಡಿಂದ ಹಿಡಿ, ಎಳಿ ಹರೀಬಾರದು ನೋಡು."

ನಾನು ಹೋಗಿ ಶಾವಿಗೆಯ ಇನ್ನೊಂದು ತುದಿ ಹಿಡಿದುಕೊಂಡೆ.